ಜೈನಾಬಿಯವರ ಕೋಳಿಗೆ ಹಾಕದ ಔಷಧಿ

ಬಸವಾಪಟ್ಟಣದ ಜೈನಾಬಿಯವರು ತಮ್ಮ ಕೋಳಿಗಳಿಗೆ ಔಷಧಿ ಹಾಕಿರಲಿಲ್ಲ. ಹಾಕಿದವಳು ನಾನು — ನನ್ನ ಕೋಳಿಗಳಿಗೆ. ಆಮೇಲೆ ಊರಿನ ಹೆಂಗಸರು ತುಂಬಿದ್ದ ಸಭೆಯಲ್ಲಿ, ಔಷಧಿ ಹಾಕಿದವರು ಅವರೇ ಇರಬೇಕೆಂದು ಹೇಳಿದವಳೂ ನಾನೇ.

ಏಳು ವರ್ಷ ಈ ಮಾತನ್ನು ಎಲ್ಲಿಯೂ ಬರೆದಿರಲಿಲ್ಲ. ದಿನಚರಿ ಬರೆಯುವ ಅಭ್ಯಾಸ ಕಾಲೇಜಿನ ದಿನಗಳಿಂದಲೂ ಇದೆ. ತಲೆನೋವು ಬಂದದ್ದು, ಬಸ್ಸು ತಪ್ಪಿದ್ದು ಎಲ್ಲವೂ ಅದರಲ್ಲಿದೆ. ಆ ಸಭೆಯ ದಿನದ ಪುಟವನ್ನು ಮೊನ್ನೆ ತೆಗೆದು ನೋಡಿದೆ. "ಬಸವಾಪಟ್ಟಣ. ಸಭೆ ಚೆನ್ನಾಗಿ ಆಯಿತು. ವಿಪರೀತ ಸೆಕೆ." ಇಷ್ಟೇ. ಒಬ್ಬ ಹೆಂಗಸಿನ ಮಾತನ್ನು ಊರೆದುರು ಸುಳ್ಳು ಮಾಡಿ ಬಂದು, ಸೆಕೆಯ ಬಗ್ಗೆ ಬರೆದಿದ್ದೇನೆ.

ಆಗ ನಾನು ಕೋಳಿ ತಳಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಕೊಕ್ಕರೆ ರೋಗ ಬಂದಾಗ ಯಾವ ತಳಿ ಉಳಿಯುತ್ತದೆ, ಯಾವುದು ಸಾಯುತ್ತದೆ — ಇದು ನನ್ನ ಪ್ರಶ್ನೆ. ಅದು ವೈರಸ್ಸಿನಿಂದ ಬರುವ ರೋಗ. ಬಂತೆಂದರೆ ಕೋಳಿ ಹಸಿರು ಹಿಕ್ಕೆ ಹಾಕುತ್ತದೆ, ಕತ್ತು ತಿರುಚಿಕೊಂಡು ಬೀಳುತ್ತದೆ, ವಾರದೊಳಗೆ ಕೇರಿಗೆ ಕೇರಿಯೇ ಖಾಲಿಯಾಗುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಕೆಲವು ಮನೆಗಳನ್ನು ಆರಿಸಿ, ಸುಧಾರಿತ ತಳಿಯ ಮರಿಗಳನ್ನು ಕೊಟ್ಟು, ಆ ಮನೆಗಳ ನಾಟಿ ಕೋಳಿಗಳ ಜೊತೆ ಬೆಳೆಯಲು ಬಿಡುವುದು. ಎರಡಕ್ಕೂ ಲಸಿಕೆ ಹಾಕುವಂತಿಲ್ಲ. ರೋಗ ಬಂದು ಹೋದ ಮೇಲೆ ಉಳಿದವನ್ನು ಎಣಿಸುವುದು. ಯೋಜನೆ ಇಷ್ಟೇ ಇತ್ತು.

ಬಸವಾಪಟ್ಟಣದಲ್ಲಿ ಗಂಗಮ್ಮ ಎಂಬವರು ಮರಿಗಳನ್ನು ತೆಗೆದುಕೊಂಡರು. ಅವರ ಪಕ್ಕದ ಮನೆಯೇ ಜೈನಾಬಿಯವರದು. ಜೈನಾಬಿಯವರು ಮರಿ ಬೇಡವೆಂದರು. ತಮ್ಮ ಕೋಳಿಗಳನ್ನು ಎಣಿಸಿಕೊಳ್ಳಲು ಮಾತ್ರ ಒಪ್ಪಿದರು. ಹನ್ನೊಂದು ಹೆಣ್ಣು ಕೋಳಿಗಳು — ಅವರ ಮಾತಿನಲ್ಲಿ ಹ್ಯಾಟೆಗಳು — ಎಲ್ಲವೂ ಬೋಳು ಕತ್ತಿನವು. ಕತ್ತಿನ ಸುತ್ತ ಪುಕ್ಕವಿಲ್ಲದೆ ಕೆಂಪಗೆ ಸುಟ್ಟಂತೆ ಕಾಣುವ ಆ ಕೋಳಿಗಳು ನೋಡಲು ಚೆಂದವಲ್ಲ. ನಾನು ಮೊದಲ ದಿನ ಮುಖ ಸಿಂಡರಿಸಿರಬೇಕು. ಅವರು ನಕ್ಕು, "ಮಕ ನೋಡಿ ಸೊಸೇನ ತರ್ತಾರೆ ಮೇಡಮ್ಮ, ಹ್ಯಾಟೇನಲ್ಲ. ಎರಡು ಸಲ ರೋಗ ಗೆದ್ದೋರ ಮನೆತನ ಇದು" ಅಂದರು.

ಆ ಭಾಗದ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಇತ್ತು ಎಂದು ಬರೆಯುವಾಗ ಕೈ ನಿಲ್ಲುತ್ತದೆ. ರೋಗ ಬಂದು ಹೋದ ಮೇಲೆ ಬದುಕಿ ಉಳಿದ ಹ್ಯಾಟೆಗೆ 'ಗೆದ್ದ ಹ್ಯಾಟೆ' ಎನ್ನುತ್ತಿದ್ದರು. ಅದರ ಮೊದಲ ಸೂಲಿನ ಮೊಟ್ಟೆಗಳನ್ನು ತಿನ್ನುವಂತಿಲ್ಲ, ಮಾರುವಂತಿಲ್ಲ. ಗೂಡು ಖಾಲಿಯಾದ ಮನೆಗಳಿಗೆ ಕಾವಿಗೆ ಕೊಡಬೇಕು. ಕೊಡುವವಳು ಆ ಮನೆಯ ಹೊಸ್ತಿಲಲ್ಲಿ ನಿಂತು ಒಂದು ಮಾತು ಹೇಳಬೇಕು — ಇದಕ್ಕೆ ನಾನು ಯಾವ ಔಷಧಿಯನ್ನೂ ಹಾಕಿಲ್ಲ. ಔಷಧಿಯಿಂದ ಬದುಕಿದ ಕೋಳಿ ಗೆದ್ದ ಕೋಳಿಯಲ್ಲ. ಅದರ ಗಟ್ಟಿತನ ಮರಿಗೆ ಬರುವುದಿಲ್ಲ. ಜೈನಾಬಿಯವರ ಗಂಡ ಬೀಗ, ಛತ್ರಿ ರಿಪೇರಿಗೆಂದು ಸಂತೆಗಳನ್ನು ಸುತ್ತುತ್ತಿದ್ದರು. ಹೊಟ್ಟು ತುಂಬಿದ ಬುಟ್ಟಿಯಲ್ಲಿ ಈ ಮೊಟ್ಟೆಗಳು ಹೊನ್ನಾಳಿಗೆ, ನ್ಯಾಮತಿಗೆ, ಜಗಳೂರಿನವರೆಗೂ ಹೋಗುತ್ತಿದ್ದವು, ಜೊತೆಗೆ ಜೈನಾಬಿಯವರ ಆ ಮಾತೂ.

ಹೊಸ್ತಿಲಲ್ಲಿ ಹೇಳುವ ಆ ಒಂದು ವಾಕ್ಯದಲ್ಲಿ ನನ್ನ ವಿಶ್ವವಿದ್ಯಾಲಯ ಕಲಿಸಿದ್ದೆಲ್ಲ ಇತ್ತು. ಅದನ್ನು ನಾನು ನಂಬಿಕೆ, ಸಂಪ್ರದಾಯ ಎಂಬ ತಲೆಬರಹದ ಕೆಳಗೆ ಬರೆದುಕೊಂಡೆ. ಎಂಥ ಸೊಕ್ಕು! ವಿಜ್ಞಾನ ಮಾಡುತ್ತಿದ್ದವರು ಅವರು. ನಾನು —

ನಾನು ಮಾಡಿದ್ದು ಇದು. ಮರಿಗಳನ್ನು ಹಂಚಿದ ವಾರವೇ ಜಗಳೂರಿನ ಕಡೆ ರೋಗ ಬಂದಿದೆ ಎಂಬ ಸುದ್ದಿ ಬಂತು. ಮರಿಗಳು ಸತ್ತರೆ ನನ್ನ ಪ್ರಬಂಧವೂ ಸತ್ತಂತೆ. ಯಾರಿಗೂ ಹೇಳದೆ ಲಸಿಕೆ ತಂದೆ. ಫ್ಲಾಸ್ಕಿನಲ್ಲಿ ಐಸು ತುಂಬಿ, ಅದರೊಳಗೆ ಬಾಟಲಿ ಇಟ್ಟುಕೊಂಡು ಮನೆಯಿಂದ ಮನೆಗೆ ಹೋಗಿ, ನನ್ನ ಮರಿಗಳ ಕಣ್ಣಿಗೆ ಮಾತ್ರ ಒಂದೊಂದು ಹನಿ ಹಾಕಿದೆ. ಕೇಳಿದವರಿಗೆ ವಿಟಮಿನ್ ಎಂದೆ. ಗಂಗಮ್ಮನ ಅಂಗಳದಲ್ಲಿ ಹಾಕುತ್ತಿದ್ದಾಗ ಜೈನಾಬಿಯವರು ಗೋಡೆಯಾಚೆಯಿಂದ ನೋಡುತ್ತಿದ್ದರು. ಕಣ್ಣಿಗೆ ಹಾಕಿದ ವಿಟಮಿನ್ ಹೊಟ್ಟೆಗೆ ಹೆಂಗೆ ಹೋಗುತ್ತದೆ ಎಂದು ಗಂಗಮ್ಮನನ್ನು ಕೇಳಿ ಇಬ್ಬರೂ ನಕ್ಕರು. ನಾನೂ ನಕ್ಕೆ.

ಲಸಿಕೆ ಹಾಕಿದ್ದು ತಪ್ಪಲ್ಲ. ಹಾಕಲೇಬೇಕು, ಇಂದು ನನ್ನ ವಿದ್ಯಾರ್ಥಿಗಳಿಗೆ ಅದನ್ನೇ ಕಲಿಸುತ್ತೇನೆ. ಹಾಕಿ, ಹಾಕಿಲ್ಲವೆಂದು ಬರೆದೆನಲ್ಲ — ಅದು.

ರೋಗ ಬಂತು. ನಾಲ್ಕು ತಾಲ್ಲೂಕುಗಳಲ್ಲಿ ನಾನು ಎಣಿಸಿದ ನಾಟಿ ಕೋಳಿಗಳು ಹೆಚ್ಚೂ ಕಡಿಮೆ ಎಲ್ಲವೂ ಸತ್ತವು. ನನ್ನ ಮರಿಗಳು ಉಳಿದವು. ಜೈನಾಬಿಯವರ ಹನ್ನೊಂದರಲ್ಲಿ ನಾಲ್ಕು ಸತ್ತು, ಏಳು ಎದ್ದು ಓಡಾಡುತ್ತಿದ್ದವು — ಯಾವ ಹನಿಯೂ ಇಲ್ಲದೆ. ಅದು ತಳಿಯ ಗುಣವೋ, ಅದೃಷ್ಟವೋ? ರಕ್ತ ತೆಗೆದು ಪರೀಕ್ಷಿಸಬಹುದಿತ್ತು, ಅವುಗಳ ಮರಿಗಳನ್ನು ಬೆಳೆಸಿ ನೋಡಬಹುದಿತ್ತು. ನನ್ನ ಇಡೀ ಅಧ್ಯಯನದಲ್ಲಿ ನಿಜವಾಗಿ ತಿಳಿಯಬೇಕಾದದ್ದು ಆ ಏಳು ಕೋಳಿಗಳಲ್ಲಿ ಇತ್ತು. ಆದರೆ ಸುಧಾರಿತ ತಳಿಯೇ ರೋಗಕ್ಕೆ ಗಟ್ಟಿ ಎಂಬ ನನ್ನ ಫಲಿತಾಂಶಕ್ಕೆ ಅವು ಅಡ್ಡ ನಿಂತಿದ್ದವು. ಬರೆದೆ: "ಲಸಿಕೆ ಹಾಕಿರುವ ಶಂಕೆ ಇರುವುದರಿಂದ ಈ ಮನೆಯ ಕೋಳಿಗಳನ್ನು ಅಧ್ಯಯನದಿಂದ ಕೈಬಿಡಲಾಗಿದೆ."

ನಾನು ಮಾಡಿದ್ದನ್ನು ಅವರ ಹೆಸರಿಗೆ ಬರೆದೆ.

ಆ ವಾಕ್ಯವನ್ನು ನನ್ನ ಮಾರ್ಗದರ್ಶಕರು ಹೇಳಿ ಬರೆಸಿದರೆಂದು ಬಹಳ ವರ್ಷ ನೆನಪಿಟ್ಟುಕೊಂಡಿದ್ದೆ. ಅವರ ಕೋಣೆ, ಫ್ಯಾನಿನ ಸದ್ದು, ಕನ್ನಡಕ ತೆಗೆದು ಅವರು ಹೇಳಿದ ರೀತಿ — ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಮೊನ್ನೆ ಹಳೆಯ ಟಿಪ್ಪಣಿ ಪುಸ್ತಕ ತೆಗೆದೆ. ಆ ವಾರ ಅವರು ಊರಲ್ಲೇ ಇರಲಿಲ್ಲ. ಮೊದಲು 'ಸಾಧ್ಯತೆ' ಎಂದು ಬರೆದು, ಹೊಡೆದು, ಮೇಲೆ 'ಶಂಕೆ' ಎಂದು ತಿದ್ದಿದ್ದೇನೆ. ನನ್ನದೇ ಕೈ. ನೆನಪು ನನಗೊಬ್ಬ ಪಾಲುದಾರನನ್ನು ಹುಡುಕಿಕೊಟ್ಟಿತ್ತು. ಇಂಥ ನೆನಪಿನ ಮೇಲೆ ಸಿಟ್ಟು ಬರುತ್ತದೆ. ಅದನ್ನು ಅಷ್ಟು ವರ್ಷ ಸಾಕಿಕೊಂಡ ನನ್ನ ಮೇಲೆ ಇನ್ನೂ ಹೆಚ್ಚು.

ಫಲಿತಾಂಶ ತಿಳಿಸಲು ಬಸವಾಪಟ್ಟಣದ ಶಾಲೆಯಲ್ಲಿ ಸಭೆ ಕರೆದೆ. ಆ ಹೊತ್ತಿಗೆ ಜೈನಾಬಿಯವರು ಏಳೂ ಹ್ಯಾಟೆಗಳ ಮೊದಲ ಸೂಲಿನ ಮೊಟ್ಟೆಗಳನ್ನು, ಹೊಸ್ತಿಲ ಮಾತು ಹೇಳಿ, ಹಂಚಿ ಮುಗಿಸಿದ್ದರು. ಗಂಗಮ್ಮ ಬೇರೆ ಊರಿನಿಂದ ಕಾವಿಗೆ ಬಂದ ಹ್ಯಾಟೆಯನ್ನು ಎರವಲು ತಂದು, ಅದರ ಕೆಳಗೆ ಆ ಮೊಟ್ಟೆಗಳನ್ನು ಇಟ್ಟಿದ್ದರು. ನಾನು ವರದಿಯನ್ನು ಕನ್ನಡದಲ್ಲಿ ಓದಿದೆ. ಸುಧಾರಿತ ತಳಿಗೆ ಲಸಿಕೆಯ ಹಂಗಿಲ್ಲ ಎಂದೆ. ಆ ಒಂದು ಮನೆಯನ್ನು ಯಾಕೆ ಬಿಟ್ಟಿರಿ ಎಂದು ಹಿಂದಿನಿಂದ ಯಾರೋ ಕೇಳಿದರು. ಶಂಕೆಯ ವಾಕ್ಯವನ್ನೂ ಓದಿದೆ.

ಜೈನಾಬಿಯವರು ಎದ್ದು ನಿಂತರು. ಹಸಿರು ಸೀರೆ ಎಂದು ನೆನಪು. ಈಗ ಅದನ್ನೂ ನಂಬುವುದಿಲ್ಲ. ಅವರು ಹೇಳಿದ್ದು ಮಾತ್ರ ಸರಿಯಾಗಿ ನೆನಪಿದೆ, ಗಂಗಮ್ಮನೂ ಅದನ್ನೇ ಹೇಳುತ್ತಾರೆ.

"ನಾನು ಹಾಕಿಲ್ಲ. ಇವರೆಲ್ಲರ ಮನಿ ಬಾಗಿಲಾಗೆ ನಿಂತು ಹೇಳೀನಿ, ಹಾಕಿಲ್ಲ."

ನಾನು ನಗುತ್ತಾ ಹೇಳಿದೆ, "ಹಾಕಿದ್ದು ಮರೆತು ಹೋಗಿರಬಹುದು ಅಮ್ಮ. ವಯಸ್ಸಾಯಿತಲ್ಲ."

ಕೆಲವರು ನಕ್ಕರು. ಜೈನಾಬಿಯವರು ಕೂತರು.

ಮರುದಿನದಿಂದ ಮೊಟ್ಟೆಗಳು ವಾಪಸು ಬಂದವು. ಹದಿನೆಂಟು ದಿನ ಕಾವಿನಲ್ಲಿದ್ದ ಮೊಟ್ಟೆಗಳು, ಒಳಗೆ ಮರಿಯ ಆಕಾರ ಮೂಡಿತ್ತು. ಹ್ಯಾಟೆಯ ಕೆಳಗಿಂದ ತೆಗೆದು, ಬುಟ್ಟಿಯಲ್ಲಿ ತಂದು ಜೈನಾಬಿಯವರ ಹೊಸ್ತಿಲ ಮೇಲಿಟ್ಟು ಹೋದರು. ಯಾರೂ ಬೈಯಲಿಲ್ಲ. ಬಾಗಿಲು ಬಡಿಯಲೂ ಇಲ್ಲ.

ಇದು ನನಗೆ ಆಗ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎನ್ನುವುದು ಪೂರ್ತಿ ನಿಜವೇ? ವಿಚಾರಿಸಲಿಲ್ಲ. ಪದವಿ ಬಂತು, ಕೆಲಸ ಬಂತು. ಈ ವರ್ಷ ಕೆಲಸದ ಮೇಲೆ ಸೂಳೆಕೆರೆ ಕಡೆಗೆ ಹೋದಾಗ ಬಸವಾಪಟ್ಟಣದ ಬಸ್ ನಿಲ್ದಾಣದಲ್ಲಿ ಗಂಗಮ್ಮ ಸಿಕ್ಕರು. ನನ್ನ ಮೇಲೆ ಅವರಿಗೆ ಮುನಿಸೇ ಇರಲಿಲ್ಲ. ಅದು ಇನ್ನೂ ಕಷ್ಟವಾಯಿತು. ಲಸಿಕೆ ಬೇಡವೆಂದ ನನ್ನ ಮಾತು ನಂಬಿ, ಅದೇ ತಳಿಯ ಹೊಸ ಮರಿಗಳನ್ನು ಊರವರು ತಂದರಂತೆ. ಮುಂದಿನ ಸಲ ರೋಗ ಬಂದಾಗ ಒಂದೂ ಉಳಿಯಲಿಲ್ಲ. ಆಗ ಗಂಗಮ್ಮ ಮೊಟ್ಟೆ ಕೇಳಲು ಜೈನಾಬಿಯವರ ಬಾಗಿಲಿಗೆ ಹೋದರಂತೆ. ಜೈನಾಬಿಯವರು ಅಂದರಂತೆ: "ಅವು ಔಷಧಿ ಕೋಳಿ ಅಲ್ಲೇನವ್ವ? ಯಾರಿಗೆ ಬೇಕಾಗಿತ್ತು? ಸಾರು ಮಾಡಿ ಉಂಡಾತು."

ಏಳೂ. ಮೂರು ಸಲ ರೋಗ ಕಂಡ ಮನೆತನ, ನನ್ನ ಒಂದು ವಾಕ್ಯದಿಂದ ಅಳಿದು ಹೋಯಿತು. ಅವು ನಿಜವಾಗಿ ಗಟ್ಟಿಯಿದ್ದವೋ ಇಲ್ಲವೋ ತಿಳಿಯುವ ದಾರಿಯೇ ಈಗ ಇಲ್ಲ. ಆ ದಾರಿ ತೋರಿಸುತ್ತೇನೆಂದು ಸಂಬಳ ತೆಗೆದುಕೊಳ್ಳುವವಳು ನಾನು.

ಅಲ್ಲಿಂದ ನೇರವಾಗಿ ಜೈನಾಬಿಯವರ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ — ಫ್ಲಾಸ್ಕು, ಹನಿ, ಶಂಕೆ. ಅವರು ಅಕ್ಕಿ ಆರಿಸುತ್ತಿದ್ದರು, ಮೊರ ಕೆಳಗಿಡಲಿಲ್ಲ. ಹೇಳಿ ಮುಗಿದ ಮೇಲೆ, ಶಾಲೆಯಲ್ಲೇ ಮತ್ತೆ ಸಭೆ ಕರೆಯುತ್ತೇನೆ, ನೀವೂ ಬನ್ನಿ ಎಂದು ಬೇಡಿಕೊಂಡೆ.

"ನಾನ್ಯಾಕೆ ಬರ್ಲಿ? ನಾನು ಹೇಳಾದು ಅವತ್ತೇ ಹೇಳಿ ಮುಗಿಸೀನಿ. ನಿಂದು ಬಾಕಿ ಐತೆ. ನೀನು ಹೋಗು."

ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ಕಲ್ಲು ಹೆಕ್ಕಿ ಹೆಕ್ಕಿ ಆಚೆ ಹಾಕುತ್ತಿದ್ದರು.

ವಿಶ್ವವಿದ್ಯಾಲಯಕ್ಕೆ ಪತ್ರ ಬರೆದಿದ್ದೇನೆ: ನನ್ನ ಪ್ರಬಂಧದ ಫಲಿತಾಂಶ ಸುಳ್ಳು, ಹಿಂಪಡೆಯಿರಿ, ಪದವಿಯ ವಿಷಯದಲ್ಲಿ ನೀವು ತೀರ್ಮಾನಿಸಿದ್ದಕ್ಕೆ ಬದ್ಧಳಾಗಿದ್ದೇನೆ. ಉತ್ತರ ಬಂದಿಲ್ಲ. ಬಾರದಿದ್ದರೆ ಮತ್ತೆ ಬರೆಯುತ್ತೇನೆ. ಆಗ ಚಿಕ್ಕವಳಿದ್ದೆ, ಭಯವಿತ್ತು ಎಂದು ಆ ಪತ್ರದ ಮೊದಲ ಕರಡಿನಲ್ಲಿ ಇತ್ತು. ಹೊಡೆದು ಹಾಕಿದೆ. ಭಯ ಇದ್ದದ್ದು ನನಗೊಬ್ಬಳಿಗೇ ಅಲ್ಲ.

ಕಳೆದ ಶುಕ್ರವಾರ ಅದೇ ಶಾಲೆಯಲ್ಲಿ ಹೆಂಗಸರ ಎದುರು ನಿಂತು ಹೇಳಿದೆ. ಹನಿ ಹಾಕಿದವಳು ನಾನು. ಜೈನಾಬಿಯವರು ಅಂದು ಹೇಳಿದ್ದು ನಿಜ. ಅವರಿಗೆ ಮರೆವಿರಲಿಲ್ಲ, ನನಗೆ ನಾಚಿಕೆಯಿರಲಿಲ್ಲ. ಗಂಗಮ್ಮ ಕೂತಲ್ಲಿಂದಲೇ ಕೇಳಿದರು, ಏರದ ದನಿಯಲ್ಲಿ:

"ಆ ಮೊಟ್ಟಿ ಎತ್ತಿದ್ದು ಈ ಕೈ ಮೇಡಂ. ಒಳಗೆ ಮಿಸುಕಾಡಿದ್ದು ಗೊತ್ತಾಗಿತ್ತು ನಂಗೆ. ನನ್ನ ಕೈಲಿ ಆ ಕೆಲ್ಸ ಮಾಡಿಸಿದ್ರಲ್ಲ?"

ಹೌದು ಎಂದೆ. ಬೇರೆ ಏನು ಹೇಳಿದರೂ ಅದು ಇನ್ನೊಂದು ಸುಳ್ಳಾಗುತ್ತಿತ್ತು.

ಅವರು ಎದ್ದು, ಸೆರಗು ಸರಿಮಾಡಿಕೊಂಡು, ಜೈನಾಬಿಯವರ ಮನೆಯ ಕಡೆ ನಡೆದರು. ಒಬ್ಬೊಬ್ಬರಾಗಿ ಉಳಿದವರೂ ಹಿಂದೆ ಹೋದರು. ನಾನು ಹೋಗಲಿಲ್ಲ. ಅಲ್ಲಿ ಅವರು ಏನು ಮಾತಾಡಿಕೊಂಡರೆಂದು ನನಗೆ ಗೊತ್ತಿಲ್ಲ. ಕೇಳುವ ಹಕ್ಕೂ ನನಗಿಲ್ಲ.