ಮಾತಿಗೆ ದಾರಿ ಬಿಡಿಸುವ ವೈರಕ್ಕ

ಬೆಳಕಿನ್ನೂ ಕಿಟಕಿ ದಾಟಿ ಒಳಗೆ ಬಂದಿಲ್ಲ. ಆಸ್ಪತ್ರೆಯ ನೆಲಮಹಡಿಯ ಸಣ್ಣ ಕೋಣೆಯಲ್ಲಿ ವೈರಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂತಿದ್ದಾರೆ. ಆ ಕಡೆ, ನಾಲ್ಕನೇ ಮಹಡಿಯಲ್ಲಿ, ಕಾವಲುಗಾರ ತಾತ ತಮ್ಮ ಮಂಡಿನೋವಿನ ಪುರಾಣ ಬಿಚ್ಚಿದ್ದಾರೆ.

"ಹೂಂ, ಆಮೇಲೆ?"

"ಆಮೇಲೇನಮ್ಮಾ, ಎಡಗಾಲಿಂದು ಬಲಗಾಲಿಗೂ ಬಂತು."

"ಚೆನ್ನಾಗಿದೆ ತಾತ, ತುಂಬಾ ಚೆನ್ನಾಗಿದೆ!"

ತಾತನಿಗೆ ಬೇಜಾರಿಲ್ಲ. ತಮ್ಮ ಮಂಡಿಯ ಕಥೆಯನ್ನು ದಿನಾ ಇಷ್ಟು ಶ್ರದ್ಧೆಯಿಂದ ಕೇಳುವ ಜೀವ ಲೋಕದಲ್ಲಿ ಇನ್ನೊಂದಿಲ್ಲ. ವೈರಕ್ಕ ಕೇಳುತ್ತಿರುವುದು ಮಂಡಿಯನ್ನಲ್ಲ, ಮಾತು ನಡುವೆ ಎಲ್ಲಾದರೂ ತುಂಡಾಗುತ್ತದೆಯೇ ಎಂಬುದನ್ನು. ಅದು ತಾತನಿಗೆ ಗೊತ್ತಿಲ್ಲ. ಹೇಳುವ ಧೈರ್ಯ ವೈರಕ್ಕನಿಗೂ ಇಲ್ಲ.

ಇಲ್ಲಿನ ಫೋನುಗಳೆಲ್ಲ ಓಡುವುದು ಇಂಟರ್ನೆಟ್ಟಿನ ಮೇಲೆ. ಅದೇ ದಾರಿಯಲ್ಲಿ ಎಕ್ಸ್‌ರೇ ಚಿತ್ರ, ಔಷಧದ ಲೆಕ್ಕ, ರೋಗಿಯ ಜೊತೆ ಬಂದ ಭಾವಮೈದ ನೋಡುವ ಸಿನಿಮಾ ಎಲ್ಲವೂ ಹರಿಯಬೇಕು. ಈ ನೂಕುನುಗ್ಗಲಿನಲ್ಲಿ ಯಾವುದು ಮೊದಲು ಹೋಗಬೇಕು, ಯಾವುದು ಕಾಯಬೇಕು ಎಂದು ಯಂತ್ರಕ್ಕೆ ಹೇಳಿಕೊಡುವುದು ವೈರಕ್ಕನ ಕೆಲಸ. "ವೈರ್ ನೋಡ್ಕೊಳ್ಳೋ ಅಕ್ಕ ಅಂತ ವೈರಕ್ಕ. ಯಾರ ಮೇಲೂ ವೈರ ಇಲ್ಲಪ್ಪ ನಂಗೆ," ಎಂದು ನಗುತ್ತಾರೆ.

ಅವರು ಸೇರಿದ ಹೊಸತರಲ್ಲಿ ಎಲ್ಲಕ್ಕೂ ಒಂದೇ ಸಾಲು. ಒಂದು ಬೆಳಗ್ಗೆ ಸರ್ಜನ್ ಮನೆಯಿಂದ ವಾರ್ಡಿಗೆ ಫೋನ್ ಮಾಡಿ, "ಹರ್ನಿಯಾ ಪೇಷೆಂಟ್‌ಗೆ ತಿಂಡಿ ಕೊಡಬೇಡಿ" ಎಂದರು. ಸಿಸ್ಟರ್ ಕಿವಿಗೆ ಬಿದ್ದದ್ದು "ತಿಂಡಿ ಕೊ... ಡಿ." ಕೊಟ್ಟರು. ಉಪವಾಸವಿದ್ದ ರೋಗಿ ಎರಡು ಸಲ ಹಾಕಿಸಿಕೊಂಡು ತಿಂದರು. ಸರ್ಜನ್ ಬಂದಾಗ ತೃಪ್ತಿಯಿಂದ ತೇಗಿ, "ಡಾಕ್ಟ್ರೇ, ಆಪರೇಷನ್ನಿಗೆ ಮುಂಚೆ ಇಷ್ಟು ಚೆನ್ನಾಗಿ ನೋಡ್ಕೊಳ್ಳೋ ಆಸ್ಪತ್ರೆ ಎಲ್ಲೂ ನೋಡಿಲ್ಲ" ಎಂದರಂತೆ.

ತುಂಬಿದ ಹೊಟ್ಟೆಗೆ ಅರಿವಳಿಕೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ತೇಗು ಕಾಪಾಡಿತು, ಆಪರೇಷನ್ ಮುಂದಕ್ಕೆ ಹೋಯಿತು. "ಕೊಡಬೇಡಿ ಅಂದೆ" ಎಂದು ಸರ್ಜನ್ ಕೂಗಾಡಿದರು, "ಕೊಡಿ ಅಂದ್ರಿ" ಎಂದು ಸಿಸ್ಟರ್ ಅತ್ತರು. ಇಬ್ಬರದೂ ನಿಜವೇ. ಆದರೆ ನೋಟಿಸ್ ಸಿಕ್ಕಿದ್ದು ಸಿಸ್ಟರ್‌ಗೆ ಮಾತ್ರ.

"ಚಿತ್ರ ಒಂದು ನಿಮಿಷ ತಡವಾಗಿ ಬಂದ್ರೂ ಚಿತ್ರವೇ. ಮಾತು ಹಂಗಲ್ಲ," ಎನ್ನುತ್ತಾರೆ ವೈರಕ್ಕ. "ನಡುವಿನ 'ಡಬೇ' ಆಮೇಲೆ ಬಂತು ಅಂದ್ಕೊಳ್ಳಿ. ಅದನ್ನ ಎಲ್ಲಿ ಅಂಟಿಸ್ತೀರಿ?"

ಅಂದೇ ಅವರು ಮಾತಿಗೆ ಮೊದಲ ಸ್ಥಾನ ಕೊಟ್ಟರು. ಫೋನು ಸ್ಫಟಿಕದಂತಾಯಿತು. ಆದರೆ ಆಡಳಿತಾಧಿಕಾರಿಯ ವಿಡಿಯೊ ಸಭೆ ನಡುವೆ ನಿಂತು, ಅವರು ಬಾಯಿ ತೆರೆದುಕೊಂಡೇ ಪರದೆಯ ಮೇಲೆ ಕಲ್ಲಾದರು. "ನಂದನ್ನೂ ಮುಂದೆ ಹಾಕಮ್ಮ" ಎಂದು ಅಪ್ಪಣೆಯಾಯಿತು. ಸುದ್ದಿ ತಿಳಿದು ಲೆಕ್ಕಪತ್ರದವರು ಬಂದರು, ಔಷಧದಂಗಡಿಯವರು ಬಂದರು, ಅಡುಗೆಮನೆಯವರೂ ಬಂದರು. ಎಲ್ಲರದೂ ತಲೆಹೋಗುವ ಕೆಲಸವೇ.

"ಇಲ್ಲ ಅನ್ನೋಕೆ ನಂಗೆ ಬಾಯೇ ಬರಲ್ಲ. ಎಲ್ಲರನ್ನೂ ಮುಂದೆ ಹಾಕ್ಬಿಟ್ಟೆ. ಎಲ್ಲರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರು? ಫೋನು ಮತ್ತೆ ತೊದಲೋಕೆ ಶುರುವಾಯ್ತು."

ಅದೇ ವಾರ ಆಡಳಿತಾಧಿಕಾರಿ ಮೇಲಿನವರೊಂದಿಗೆ ವಿಡಿಯೊ ಸಭೆಗೆ ಕೂರುವ ಮುನ್ನ ಸ್ವಾಗತದ ಮೇಜಿಗೆ ಫೋನ್ ಮಾಡಿ, "ದೂರು ಹೇಳೋಕೆ ಬಂದವರನ್ನ ಒಳಗೆ ಬಿಡಬೇಡಿ" ಎಂದರು. ಅಲ್ಲಿದ್ದವಳಿಗೆ ಕೇಳಿಸಿದ್ದು "ಒಳಗೆ ಬಿ... ಡಿ." ಸಾಹೇಬರಿಗೆ ಕೊನೆಗೂ ಕರುಣೆ ಬಂತೆಂದು ಅವಳು ಕಾಯುತ್ತಿದ್ದವರನ್ನೆಲ್ಲ ಕಳಿಸಿಕೊಟ್ಟಳು. ಬಿಸಿನೀರು ಬಾರದವರು, ಹೊದಿಕೆ ಸಿಗದವರು, ಎರಡು ಸಲ ಒಂದೇ ಹಲ್ಲಿನ ಎಕ್ಸ್‌ರೇ ತೆಗೆಸಿಕೊಂಡವರು ಒಳನುಗ್ಗಿದರು. ಪ್ಲಾಸ್ಟರ್ ಹಾಕಿದ ಕಾಲನ್ನು ಒಬ್ಬರು ಸೀದಾ ಮೇಜಿನ ಮೇಲೇ ಇಟ್ಟರು. ಮೇಲಿನವರು ಆ ದಿನ ನೋಡಿದ್ದು ಬಹುಪಾಲು ಆ ಕಾಲನ್ನೇ.

ಸಂಜೆ ಆಡಳಿತಾಧಿಕಾರಿ ತಾವೇ ನೆಲಮಹಡಿಗೆ ಇಳಿದು ಬಂದರು. ವೈರಕ್ಕ ಎದ್ದು ನಿಂತು, ಕೆಲಸ ಹೋಯಿತೆಂದೇ ಚೀಲ ಕೈಗೆತ್ತಿಕೊಂಡರು.

"ಕೂತ್ಕೊಳ್ಳಮ್ಮ," ಎಂದರು ಅವರು. "ನನ್ನನ್ನ ಹಿಂದಕ್ಕೆ ಹಾಕು. ಎಲ್ಲರನ್ನೂ ಹಾಕು. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳು." ಬಾಗಿಲವರೆಗೆ ಹೋಗಿ ತಿರುಗಿದರು. "ಆ ಸಿಸ್ಟರ್ ನೋಟಿಸನ್ನೂ ವಾಪಸ್ ತಗೋತೀನಿ."

ಈಗ ಮೊದಲು ಮಾತು, ಆಮೇಲೆ ಚಿತ್ರ, ಆಮೇಲೆ ಲೆಕ್ಕ. ಭಾವಮೈದನ ಸಿನಿಮಾ ಕಟ್ಟಕಡೆಗೆ. ಫೋನು ಕೆಟ್ಟರೆ ಎಲ್ಲರೂ ಓಡಿ ಬರುತ್ತಾರೆ, ಚೆನ್ನಾಗಿದ್ದರೆ ಒಂದು ನರಪಿಳ್ಳೆಯೂ ಇಣುಕುವುದಿಲ್ಲ. ಮನೆಯಲ್ಲೂ ಅಷ್ಟೇ. "ಅಷ್ಟು ದೊಡ್ಡ ಆಸ್ಪತ್ರೇಲಿ ನೀನು ಮಾಡೋದೇನೇ?" ಎಂದು ಅಮ್ಮ ಕೇಳುತ್ತಾರೆ. "ಮಾತಿಗೆ ದಾರಿ ಬಿಡಿಸ್ತೀನಮ್ಮ" ಎಂದರೆ, "ಅದಕ್ಕೂ ಸಂಬಳ ಕೊಡ್ತಾರಾ?" ಎಂದು ಕಣ್ಣರಳಿಸುತ್ತಾರೆ.

ಯಾರೂ ಹೊಗಳದಿದ್ದರೆ ಬೇಸರವಾಗುವುದಿಲ್ಲವೇ? ಹಾಗೆ ಕೇಳಿದರೆ ವೈರಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

"ನಿನ್ನೆ ಲ್ಯಾಬಿನವರೂ ರಕ್ತನಿಧಿಯವರೂ ಫೋನಲ್ಲಿ ಜಗಳ ಆಡಿದ್ರಂತೆ. ಅರ್ಧ ಗಂಟೆ. ಒಂದೇ ಒಂದು ಸಲ 'ಹಲೋ, ಕೇಳಿಸ್ತಿದೆಯಾ' ಅನ್ನಲಿಲ್ವಂತೆ," ಎನ್ನುವಾಗ ಅವರ ಮುಖ ಅರಳುತ್ತದೆ. "ಒಂದಕ್ಷರ ಬಿಡದೆ ಬೈಸ್ಕೊಂಡಿದಾರೆ ಇಬ್ರೂ. ನಂಗೆ ಅಷ್ಟು ಸಾಕು."