ಮೊಳೆಗೆ ನೇತುಹಾಕದ ಕೀಲಿಕೈ

ಭೀಮರಾಯನಗುಡಿ ಕ್ಯಾಂಪಿನಲ್ಲಿ ಊರಿಗೆ ಹೊರಟವರೆಲ್ಲ ಮನೆಯ ಕೀಲಿಕೈ ಕೊಟ್ಟುಹೋಗುವುದು ಮೌನಮ್ಮನಿಗೆ. ಅವಳು ಅವನ್ನು ಪಡಸಾಲೆಯ ಮೊಳೆಗಳಿಗೆ ಸಾಲಾಗಿ ನೇತುಹಾಕುತ್ತಾಳೆ. ಬೇಕಾದವರು ತೆಗೆದುಕೊಳ್ಳಬಹುದು. "ನಮ್ಮ ಕ್ಯಾಂಪಿನ್ಯಾಗ ಕಳ್ಳರು ಯಾರದಾರ, ಮರಿಲಿಂಗಣ್ಣ?" ಎಂದು ನನ್ನನ್ನೇ ಕೇಳುತ್ತಾಳೆ. ಹೆಸರಿಗಷ್ಟೇ ಮೌನಮ್ಮ. ಅವಳ ಹೊಟ್ಟೆಯಲ್ಲಿ ಒಂದು ಗುಟ್ಟೂ ನಿಂತದ್ದಿಲ್ಲ.

ಕಾಲುವೆ ಕಚೇರಿಯಲ್ಲಿ ನಾನು ಗುಮಾಸ್ತ, ಅವಳು ಕಂಪ್ಯೂಟರ್ ಆಪರೇಟರ್. ನೀರಿನ ಮಟ್ಟದ ಫೈಲನ್ನು ದಿನಾ ಬೆಳಿಗ್ಗೆ ಮೇಲಿನ ಕಚೇರಿಗೆ ಕಳಿಸಬೇಕು. ಫೈಲು ತಾನೇ ತಯಾರಾಗುತ್ತಿತ್ತು. ಕಳಿಸಲು ಮಾತ್ರ ಯಾರಾದರೂ ಪಾಸ್‌ವರ್ಡ್ ಒತ್ತಬೇಕು. ಒಮ್ಮೆ ಇವಳು ಅದನ್ನು ಚಹಾದಂಗಡಿಯವರೆಗೂ ಸಾರಿಬಿಟ್ಟಳು. ಹೊಸ ಪಾಸ್‌ವರ್ಡು ಇವಳೊಬ್ಬಳಿಗೇ, ಹಬ್ಬ ಹುಣ್ಣಿಮೆಯಲ್ಲೂ ಇವಳೇ ಬಂದು ಒತ್ತಬೇಕು ಎಂದು ಹುಕುಂ ಬಂತು. ಮಾಡಿದ್ದುಣ್ಣೋ ಮಹರಾಯ ಎಂದು ನಾನು ನಕ್ಕೆ.

ನಗು ಬಹಳ ದಿನ ಉಳಿಯಲಿಲ್ಲ. ತಿಂಥಣಿಯಲ್ಲಿ ಅವಳ ಅಣ್ಣ ಗುರಣ್ಣನಿಗೆ ಎರಡು ಗಂಡಿನ ಮೇಲೆ ಹೆಣ್ಣುಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವಾಗ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ. ಶಾಸ್ತ್ರ ಬೆಳಿಗ್ಗೆಯೇ. ಹಿಂದಿನ ಎರಡು ಸಲವೂ ಇವಳಿಗೆ ರಜೆ ಸಿಗದೆ ಇವಳ ಜಾಗದಲ್ಲಿ ಬೇರೆ ಯಾರೋ ಹೇಳಿದ್ದರು. "ಈ ಸಲಾನೂ ತಪ್ಪಿದರ ನಾ ಎಂಥಾ ಅತ್ತಿ?" ಎಂದು ಮೌನಮ್ಮ ಕಣ್ಣೀರು ಹಾಕಿದಳು. ನಾನೇ ಮೇಲಿನ ಕಚೇರಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ.

ಮೇಲಿನ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ನಸೀರುದ್ದೀನ ಫೋನಿನಲ್ಲಿ ದಾರಿ ಹೇಳಿಕೊಟ್ಟ. "ಪಾಸ್‌ವರ್ಡಾ ಬ್ಯಾಡ್ರಿ ಅಕ್ಕಾರ. ಬೀಗ ಒಂದು, ಕೀಲಿಕೈ ಒಂದು ಅಂತ ಎರಡು ಫೈಲ್ ಮಾಡ್ರಿ. ಬೀಗ ನಮಗ ಕಳಸ್ರಿ, ಕೀಲಿಕೈ ನಿಮ್ಮ ಮಷೀನಿನ್ಯಾಗ ಇರ್ಲಿ. ಮುಂದ ಎಲ್ಲಾ ತಾನಾ ನಡೀತದ."

ಹಾಗೇ ಮಾಡಿದಳು. ಹಾಳಾದ ಯಂತ್ರ ಮತ್ತೆ ಪಾಸ್‌ವರ್ಡ್ ಕೇಳಿತು! ತೊಟ್ಟಿಲು ಮರುದಿನ. ನಾನು ಯಂತ್ರಕ್ಕೂ ಬೈದೆ, ನಸೀರುದ್ದೀನನಿಗೂ ಬೈದೆ.

"ಅಕ್ಕಾರ, ಕೀಲಿಕೈ ಎಲ್ಲಿಟ್ಟೀರಿ?" ಎಂದು ಅವನು ಕೇಳಿದ.

"ಎಲ್ಲರೂ ತೆರೆಯೋ ಫೋಲ್ಡರಿನ್ಯಾಗ್ರಿ. ಯಾರಿಗರ ಬೇಕಾದೀತಂತ ಎಲ್ಲರಿಗೂ ಪರವಾನಗಿ ಕೊಟ್ಟೀನಿ."

ನಸೀರುದ್ದೀನ ಬಿದ್ದುಬಿದ್ದು ನಕ್ಕ. "ಯಾ ಅಲ್ಲಾ! ಊರೆಲ್ಲ ನೋಡೋ ಕೀಲಿಕೈನ ಮಷೀನು ಒಪ್ಪಂಗಿಲ್ರಿ. ನಿಮಗೊಬ್ಬರಿಗೇ ಕಾಣೋಹಂಗ ಮಾಡ್ರಿ."

"ಎಂಥಾ ಸಂಶಯದ ಪ್ರಾಣಿ ಇದು!" ಎಂದು ಗೊಣಗುತ್ತ ಮೌನಮ್ಮ ಜೀವಮಾನದಲ್ಲಿ ಮೊದಲ ಸಲ ಒಂದು ಕೀಲಿಕೈ ಮುಚ್ಚಿಟ್ಟಳು. ಫೈಲು ಸರ್ರನೆ ಹೋಯಿತು. ಅವಳು ಕುರ್ಚಿ ಬಿಟ್ಟು ಕುಣಿದಳು. ನಾನೂ ಈ ನೋಯುವ ಮೊಣಕಾಲು ಇಟ್ಟುಕೊಂಡು ಕುಣಿದೆ, ಸುಳ್ಳೇಕೆ ಹೇಳಲಿ.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ನಾನು ಕೈಕಟ್ಟಿ ಕುಳಿತು ನೋಡಿದೆ. ಯಾರೂ ಮುಟ್ಟಲಿಲ್ಲ, ಫೈಲು ತಾನೇ ಹೋಯಿತು. ಕೂಡಲೇ ತಿಂಥಣಿಯಲ್ಲಿದ್ದ ಮೌನಮ್ಮನಿಗೆ ಫೋನು ಹಚ್ಚಿದೆ.

"ಹೋತೇನು?"

"ಹೋತವ್ವ! ನೀ ಹೆಸರು ಹೇಳು!"

ಫೋನಿನಲ್ಲಿ ಹೆಂಗಸರ ಕೇಕೆ, ಕೂಸಿನ ಅಳು. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಎಲ್ಲರೂ ಗುದ್ದುವುದು ಪದ್ಧತಿ. ಧಬಧಬ ಸದ್ದು ನನಗೇ ಕೇಳಿಸಿತು. ಆ ಗುದ್ದುಗಳ ನಡುವೆಯೇ ಅವಳು ಏದುಸಿರು ಬಿಡುತ್ತ ಕೂಗಿದಳು: "ನಾನಾ ಹೇಳಿದೆ, ಮರಿಲಿಂಗಣ್ಣ! ನಾನಾ ಮೊದಲು ಹೇಳಿದೆ!"

ಏನು ಹೆಸರೆಂದು ಕೇಳುವುದನ್ನು ನಾನು ಮರೆತೆ. ಊರಿಗೆಲ್ಲ ಎಲ್ಲವನ್ನೂ ಸಾರುವ ಮೌನಮ್ಮನೂ ಅದನ್ನು ಹೇಳಲಿಲ್ಲ.