ಸಂಪಾದಕರು ಬಾವಿಗೆ ದೂಡಿದ ವಿಧವೆ

ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾದ ವರ್ಷ ನಾನು ಯಲ್ಲಾಪುರದಲ್ಲಿ ಮಾಸ್ತರನಾಗಿದ್ದೆ. ಮುಂಬಯಿಯಲ್ಲಿ ಓದುವಾಗ ಗೋವೆಯ ಪಾದ್ರಿಯೊಬ್ಬರಿಂದ ಸ್ಪ್ಯಾನಿಷ್ ಕಲಿತಿದ್ದೆ. ಇಂಗ್ಲಿಷಿನ ಹಂಗಿಲ್ಲದೆ ಆ ಭಾಷೆಯ ಕಥೆಗಳನ್ನು ನೇರವಾಗಿ ಕನ್ನಡಕ್ಕೆ ತರಬೇಕೆಂಬುದು ನನ್ನ ಹಟ.

ಮೊದಲು ಅನುವಾದಿಸಿದ್ದು ಒಬ್ಬ ವಿಧವೆಯ ಕಥೆ. ಊರಿಗೆಲ್ಲ ರೊಟ್ಟಿ ಸುಟ್ಟು ಮಾರಿ ಬದುಕುವ ಅವಳು ಕೊನೆಗೆ ಹೇಸರಗತ್ತೆ ಹೊಡೆಯುವವನೊಬ್ಬನನ್ನು ಮದುವೆಯಾಗುತ್ತಾಳೆ. ಅವನ ಬೈಗುಳಕ್ಕೆ ಕನ್ನಡ ಸಿಗದೆ, ಸಂತೆಗೆ ಸಾಮಾನು ಒಯ್ಯುವ ಗಾಡಿಯವರೊಬ್ಬರ ಹಿಂದೆ ನಡೆದು, ಅವರು ಎತ್ತಿಗೆ ಬೈಯುವುದನ್ನು ಬರೆದುಕೊಂಡಿದ್ದೆ. ಬರೆದ ಪುಟಗಳನ್ನೆಲ್ಲ ಅಕ್ಕನಿಗೆ ಓದಿ ಹೇಳುತ್ತಿದ್ದೆ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ನನ್ನ ಜೊತೆಗಿದ್ದವಳು ಅವಳು. ಮದುವೆಯ ಪುಟ ಕೇಳಿದಾಗ ಇನ್ನೊಮ್ಮೆ ಓದು ಎಂದಳು.

ಕಥೆ ಶಿರಸಿಯ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಅಕ್ಕನೇ ಮೊದಲು ಓದಿದಳು.

"ತಮಾ, ಅದ್ರನ್ನ ಎಂತಕ್ಕೆ ಬಾವಿಗೆ ದೂಡಿದ್ಯೋ?"

ಪತ್ರಿಕೆ ಕಿತ್ತುಕೊಂಡು ನೋಡಿದೆ. ಕೊನೆಯ ಪುಟದಲ್ಲಿ ವಿಧವೆ ತನ್ನ ಪಾಪದ ಆಸೆಗೆ ತಾನೇ ಹೇಸಿ ಬಾವಿಗೆ ಹಾರಿದ್ದಳು. ಕೆಳಗೆ ನನ್ನ ಹೆಸರು. ಸಾಲದ್ದಕ್ಕೆ 'ಆಂಗ್ಲದಿಂದ' ಎಂದು ಬೇರೆ!

ಮರುದಿನ ಮೊದಲ ಮೋಟಾರಿಗೇ ಶಿರಸಿಗೆ ಹೋದೆ. ಸಂಪಾದಕರು ಧಾರವಾಡದ ಕಡೆಯವರು. ನನ್ನ ಮುಖ ನೋಡಿಯೇ ಎಲ್ಲ ಗೊತ್ತಾಯಿತು ಅವರಿಗೆ.

"ಕೂಡ್ರಿ ಮಾಸ್ತರ. ಸ್ಪೇನಿನಾಗ ಏನರ ಆಗಲಿ, ನಮ್ಮ ಮಂದಿಗೆ ಇದು ಒಗ್ಗೂದಿಲ್ಲ. ಸ್ವಲ್ಪ ತಿದ್ದೇನಿ, ಅಷ್ಟ."

"ತಿದ್ದಿದ್ದಲ್ಲ, ಅವಳನ್ನ ಕೊಂದಿದ್ದೀರಿ. ಯಾರನ್ನ ಕೇಳಿ?"

"ಕಥಿಯೊಳಗ ಸತ್ರ ಯಾರಿಗೇನು ನಷ್ಟರೀ?"

ನಮ್ಮ ಮನೆಯಲ್ಲಿ ಅದನ್ನು ಓದಿ ಕೂತವಳ ಮುಖ ಅವರು ಕಂಡಿರಲಿಲ್ಲ. ಮುಂದಿನ ಸಂಚಿಕೆಯಲ್ಲಿ ನಿಜವಾದ ಕೊನೆಯನ್ನು ಹಾಕಿ ಎಂದೆ, ಆಗುವುದಿಲ್ಲ ಎಂದರು. ಅವರ ಮೇಜಿನ ಮೇಲಿದ್ದ ನನ್ನ ಇನ್ನೆರಡು ಅನುವಾದಗಳನ್ನು ಎತ್ತಿಕೊಂಡು ಹೊರಬಿದ್ದೆ.

ಅಕ್ಕ ಎಲ್ಲವನ್ನೂ ಕೇಳಿ ಎದ್ದಳು. "ಸರಿಯಿದ್ದ ಪುಟ ಕೊಡು. ಆನು ಬರೀತೆ."

ಇಬ್ಬರೂ ವಾರವಿಡೀ ಕೂತು ಕೊನೆಯ ಪುಟವನ್ನು ನಕಲು ಮಾಡಿ, ಪತ್ರಿಕೆ ತರಿಸುವ ಮನೆಗಳಿಗೆ ನಡೆದೇ ಹೋಗಿ ಕೊಟ್ಟೆವು. ಉಮ್ಮಚಗಿಯಲ್ಲಿ ಒಬ್ಬರು ನಮ್ಮೆದುರೇ ಹರಿದು ಹಾಕಿದರು. ಮುಂಡೆಯನ್ನು ಊರೂರು ತಿರುಗಿಸುತ್ತೀಯಾ ಎಂದು ನನ್ನನ್ನು ಬೈದರು. ಮಂಚಿಕೇರಿಯ ಒಬ್ಬ ಹೆಂಗಸು ಮಾತ್ರ ಅಕ್ಕನನ್ನು ಹಿತ್ತಿಲಿಗೆ ಕರೆದು ಮೆಲ್ಲಗೆ ಕೇಳಿದಳಂತೆ: "ಇನ್ನೊಂದ್ ಪ್ರತಿ ಇದ್ದಾ?"

ಆ ಪತ್ರಿಕೆಗೆ ನಾನು ಮತ್ತೆ ಬರೆಯಲಿಲ್ಲ. ಸಂಪಾದಕರು ಕೆಲವು ವರ್ಷಗಳ ಮೇಲೆ ತೀರಿಕೊಂಡರು. ಬಹಳ ಒಳ್ಳೆಯವರಾಗಿದ್ದರು ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.